ಹಳೆ ಪ್ರಿಯಸ್ ಏರಿನಲ್ಲಿ ಸೋಲುತ್ತಿದೆ, ಮೈಲೇಜೂ ಇಳಿದಿದೆ. ಬ್ಯಾಟರಿ ನಿಜವಾಗಿಯೂ ಹೋಗಿದೆಯಾ?

ತೋಟದ ದಾರಿ, ತುಮಕೂರು

ಎಲ್ಲರಿಗೂ ನಮಸ್ಕಾರ. ನನ್ನದು 2011ರ ಟೊಯೋಟಾ ಪ್ರಿಯಸ್, ಮೂರನೇ ತಲೆಮಾರಿನದು. ಪೆಟ್ರೋಲ್ ಎಂಜಿನ್ನೂ ಕರೆಂಟ್ ಮೋಟರೂ ಎರಡೂ ಇರುವ ಹೈಬ್ರಿಡ್ ಕಾರು. 2017ರಲ್ಲಿ ಸೆಕೆಂಡ್ ಹ್ಯಾಂಡ್ ತೆಗೆದುಕೊಂಡೆ. ಈಗ 1 ಲಕ್ಷ 48 ಸಾವಿರ ಕಿಲೋಮೀಟರ್ ಆಗಿದೆ. ಮನೆ ಬಟವಾಡಿ ಕಡೆ, ತೋಟ ತಿಪಟೂರು ಹತ್ತಿರ. ಗುಬ್ಬಿ ಮೇಲೆ ವಾರಕ್ಕೊಮ್ಮೆ ಹೋಗಿ ಬರುತ್ತೇನೆ.

ಮೊದಲು ಲೀಟರಿಗೆ 19 ಕಿಲೋಮೀಟರ್ ಆರಾಮಾಗಿ ಕೊಡುತ್ತಿತ್ತು. ಹೋದ ಬೇಸಿಗೆಯಿಂದ ಇಳಿಯುತ್ತಾ ಬಂದು ಈಗ 14ಕ್ಕೆ ನಿಂತಿದೆ. ದೇವರಾಯನದುರ್ಗದ ಏರಿನಲ್ಲಿ ಎಂಜಿನ್ ಜೋರಾಗಿ ಕೂಗುತ್ತದೆ, ಕಾರು ಮಾತ್ರ ಮುಂದೆ ಹೋಗುವುದಿಲ್ಲ. ಬ್ಯಾಟರಿ ಎಷ್ಟು ತುಂಬಿದೆ ಅಂತ ಪರದೆಯಲ್ಲಿ ತೋರಿಸುವ ಪಟ್ಟಿ ಒಂದೇ ಕಡೆ ನಿಲ್ಲುವುದೇ ಇಲ್ಲ. ಬಟವಾಡಿಯಲ್ಲಿ ಎರಡು ಪಟ್ಟಿ ಇದ್ದದ್ದು ಕ್ಯಾತ್ಸಂದ್ರ ಬರುವಷ್ಟರಲ್ಲಿ ಏಳಾಗಿರುತ್ತದೆ. ಎಸಿ ಹಾಕಿ ಟ್ರಾಫಿಕ್‌ನಲ್ಲಿ ನಿಂತರೆ ಐದು ನಿಮಿಷದಲ್ಲಿ ಮತ್ತೆ ಎರಡು. ಹಿಂದಿನ ಸೀಟಿನ ಹತ್ತಿರ ಫ್ಯಾನ್ ಸದ್ದು ಜಾಸ್ತಿಯಾಗಿದೆ. ಡ್ಯಾಶ್‌ಬೋರ್ಡ್‌ನಲ್ಲಿ ಯಾವ ಲೈಟೂ ಹತ್ತಿಲ್ಲ.

ಒಂದು ವರ್ಕ್‌ಶಾಪಿಗೆ ತೋರಿಸಿದೆ. ಸ್ಕ್ಯಾನರ್ ಕೂಡ ಹಾಕಲಿಲ್ಲ. ಒಂದು ರೌಂಡ್ ಓಡಿಸಿ, ‘ಹೈಬ್ರಿಡ್ ಬ್ಯಾಟರಿ ಹೋಗಿದೆ, ಪೂರ್ತಿ ಬದಲಾಯಿಸಬೇಕು’ ಅಂದರು. ಅವರು ಹೇಳಿದ ದುಡ್ಡಿಗೆ ಒಂದು ಒಳ್ಳೆ ಹಳೆ ಹ್ಯಾಚ್‌ಬ್ಯಾಕೇ ಬರುತ್ತದೆ. ಮುಂದಿನ ವರ್ಷ ಕಾರಿಗೆ 15 ತುಂಬುತ್ತದೆ, ಆರ್‌ಸಿ ನವೀಕರಣದ ಖರ್ಚೂ ಇದೆ. ಅಪ್ಪ ಮಾರಿಬಿಡು ಅನ್ನುತ್ತಾರೆ. ನನಗೆ ಮನಸ್ಸಿಲ್ಲ. ಮಗಳನ್ನು ಆಸ್ಪತ್ರೆಯಿಂದ ಮನೆಗೆ ಕರೆತಂದದ್ದು ಇದೇ ಕಾರಿನಲ್ಲಿ. ಎಲ್ಲಿಂದ ಶುರು ಮಾಡಲಿ?

ಶಿರಾ ರಸ್ತೆ

ಬ್ಯಾಟರಿ ಅನ್ನೋ ಮೊದಲು ಪೆಟ್ರೋಲ್ ಲೆಕ್ಕ ಹಾಕೋಣ. ಈಗ ಬಂಕ್‌ಗಳಲ್ಲಿ ಸಿಗುವುದು ಇ20, ಅಂದರೆ ನೂರಕ್ಕೆ 20 ಭಾಗ ಎಥನಾಲ್. ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 32 ಮೆಗಾಜೂಲ್ ಶಕ್ತಿ ಇದ್ದರೆ ಎಥನಾಲಿನಲ್ಲಿ 21 ಅಷ್ಟೇ. ಬೆರೆಸಿದಾಗ 29.8 ಬರುತ್ತದೆ. ಅಂದರೆ ನೂರಕ್ಕೆ ಸುಮಾರು 7 ಕಡಿಮೆ. ನೀತಿ ಆಯೋಗದ 2021ರ ವರದಿಯಲ್ಲೂ ಹಳೆ ಕಾರುಗಳಿಗೆ 6ರಿಂದ 7 ಅಂತಲೇ ಅಂದಾಜು ಇದೆ.

ಆದರೆ ನಿಮ್ಮ 19ರಲ್ಲಿ ನೂರಕ್ಕೆ 7 ಕಳೆದರೆ 17.7 ಬರಬೇಕು, 14 ಅಲ್ಲ. ಪೆಟ್ರೋಲ್ ಒಂದು ಪಾಲು ತಿಂದಿದೆ, ಉಳಿದದ್ದನ್ನು ಬೇರೆ ಏನೋ ತಿನ್ನುತ್ತಿದೆ. ಟೈರ್ ಗಾಳಿ ನೋಡಿದ್ದೀರಾ?

ಸಿಯಾಜ್ 2016

ನನ್ನದೂ ಹೈಬ್ರಿಡ್ಡೇ, ಸಿಯಾಜ್ ಎಸ್‌ಎಚ್‌ವಿಎಸ್. ಮೈಲೇಜ್ ಇಳಿದಾಗ ಬ್ಯಾಟರಿ ಬದಲಿಸಿದೆ, ಕೆಲವೇ ಸಾವಿರದಲ್ಲಿ ಮುಗಿಯಿತು. ನಿಮಗೆ ಅಷ್ಟು ದೊಡ್ಡ ಮೊತ್ತ ಹೇಳಿದ್ದಾರೆ ಅಂದರೆ ಮೋಸ ಇರಬಹುದು.

ನಂದಿ ತಪ್ಪಲು, ಚಿಕ್ಕಬಳ್ಳಾಪುರ

ಸಿಯಾಜ್ ಅವರೇ, ಎರಡೂ ಬೇರೆ. ನಿಮ್ಮದು ಮೈಲ್ಡ್ ಹೈಬ್ರಿಡ್. ಬೆಲ್ಟಿನ ಮೂಲಕ ಎಂಜಿನ್ನಿಗೆ ಸ್ವಲ್ಪ ಕೈ ಕೊಡುವ ಮೋಟರ್, ಅದಕ್ಕೆ 12 ವೋಲ್ಟಿನ ಬ್ಯಾಟರಿ. ಪ್ರಿಯಸ್ ಬರೀ ಮೋಟರಿನಲ್ಲೇ ಓಡಬಲ್ಲ ಕಾರು, ಅದರ ಬ್ಯಾಟರಿ 201.6 ವೋಲ್ಟ್. ಬೆಲೆಯಲ್ಲಿ ವ್ಯತ್ಯಾಸ ಇದ್ದೇ ಇರುತ್ತದೆ. ಮೊತ್ತ ದೊಡ್ಡದು ಅನ್ನುವುದಕ್ಕಿಂತ ಅಳೆಯದೆ ಹೇಳಿದರು ಅನ್ನುವುದೇ ನನಗೆ ಬೇಸರ ತಂದದ್ದು.

ನಾನು ಒಂಬತ್ತು ವರ್ಷ ದುಬೈಯಲ್ಲಿ ಗ್ಯಾರೇಜ್ ಕೆಲಸ ಮಾಡಿದವನು. ಅಲ್ಲಿ ಟ್ಯಾಕ್ಸಿಗಳಲ್ಲಿ ಕ್ಯಾಮ್ರಿ ಹೈಬ್ರಿಡ್ ಜಾಸ್ತಿ. ಬಿಸಿಲಿಗೆ ಬ್ಯಾಟರಿ ಹೇಗೆ ಸೋಲುತ್ತದೆ ಅಂತ ದಿನಾ ಕಂಡಿದ್ದೇನೆ. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ, ಓದಿ.

ನಿಮ್ಮ ಕಾರಿನ 1.8 ಲೀಟರ್ ಎಂಜಿನ್ ಕೊಡುವುದು 98 ಹಾರ್ಸ್‌ಪವರ್. ಕಾರಿನ ಒಟ್ಟು ಶಕ್ತಿ 134. ನಡುವಿನ ಆ 36 ಬರುವುದು ಬ್ಯಾಟರಿಯಿಂದ. ಬ್ಯಾಟರಿ ಬಿಸಿಯಾದರೆ ಕಂಪ್ಯೂಟರ್ ಅದನ್ನು ಕಾಪಾಡಲು ಕೊಡುವುದನ್ನೂ ಕಡಿಮೆ ಮಾಡುತ್ತದೆ, ತೆಗೆದುಕೊಳ್ಳುವುದನ್ನೂ ಕಡಿಮೆ ಮಾಡುತ್ತದೆ. ಲೈಟ್ ಹತ್ತಿಸುವುದಿಲ್ಲ, ಸದ್ದಿಲ್ಲದೆ ಮಾಡುತ್ತದೆ. ಏರಿನಲ್ಲಿ ನಿಮಗೆ ಬೇಕಾದ ಆ 36 ಸಿಗುವುದಿಲ್ಲ, ಎಂಜಿನ್ ಒಂದೇ ಒದ್ದಾಡುತ್ತದೆ. ಬ್ರೇಕ್ ಹಾಕಿದಾಗ ವಾಪಸ್ ಬರಬೇಕಾದ ಕರೆಂಟೂ ಪೂರ್ತಿ ಒಳಗೆ ಹೋಗುವುದಿಲ್ಲ. ಮೈಲೇಜ್ ಇಳಿಯುವುದು ಹೀಗೆ.

ಅಂದರೆ ಸೊರಗಿದ ಬ್ಯಾಟರಿಯೂ ಬಿಸಿಯಾದ ಬ್ಯಾಟರಿಯೂ ಸ್ಟಿಯರಿಂಗ್ ಹಿಡಿದವರಿಗೆ ಒಂದೇ ಥರ ಕಾಣುತ್ತವೆ. ಅಳೆದರೆ ಮಾತ್ರ ಬೇರೆ ಬೇರೆ ಅಂತ ಗೊತ್ತಾಗುತ್ತದೆ. ಒಂದು ಬ್ಲೂಟೂತ್ ಒಬಿಡಿ ಅಡಾಪ್ಟರ್ ತೆಗೆದುಕೊಳ್ಳಿ, ಅದು ಕಾರಿನ ಕಂಪ್ಯೂಟರ್ ಓದಿದ್ದನ್ನು ಫೋನಿಗೆ ಕಳಿಸುತ್ತದೆ. ಫೋನಿಗೆ ಡಾಕ್ಟರ್ ಪ್ರಿಯಸ್ ಅಥವಾ ಹೈಬ್ರಿಡ್ ಅಸಿಸ್ಟೆಂಟ್ ಆ್ಯಪ್ ಹಾಕಿಕೊಳ್ಳಿ. ದೇವರಾಯನದುರ್ಗ ಹತ್ತುವಾಗ ಪಕ್ಕದಲ್ಲಿ ಕೂತವರು ಎರಡು ವಿಷಯ ಬರೆದುಕೊಳ್ಳಲಿ. ಒಂದು, ಬ್ಯಾಟರಿಯ ಮೂರು ಕಡೆಯ ಉಷ್ಣಾಂಶ. ಇನ್ನೊಂದು, 14 ಬ್ಲಾಕ್‌ಗಳ ವೋಲ್ಟೇಜ್.

ಈ 14 ಏನು ಅಂದರೆ: ಬ್ಯಾಟರಿಯಲ್ಲಿ 28 ಮಾಡ್ಯೂಲ್ ಇವೆ, ಒಂದೊಂದರಲ್ಲಿ 1.2 ವೋಲ್ಟಿನ ಆರು ಸೆಲ್. ಕಂಪ್ಯೂಟರ್ ಎರಡೆರಡು ಮಾಡ್ಯೂಲ್ ಸೇರಿಸಿ ಒಂದು ಬ್ಲಾಕ್ ಅಂತ ಓದುತ್ತದೆ. ಒಂದು ಸೆಲ್ ಸತ್ತರೆ ಆ ಬ್ಲಾಕ್ ಉಳಿದವಕ್ಕಿಂತ ಒಂದು ವೋಲ್ಟಿಗೂ ಜಾಸ್ತಿ ಕೆಳಗೆ ಬೀಳುತ್ತದೆ. ಅಷ್ಟು ದೂರ ಹೋದರೆ ಪಿ0ಎ80 ಅನ್ನೋ ಕೋಡ್ ಬಂದು ಕೆಂಪು ತ್ರಿಕೋನ ಹತ್ತುತ್ತದೆ. ನಿಮಗೆ ಇನ್ನೂ ಹತ್ತಿಲ್ಲ ಅಲ್ವಾ? ಅದೇ ನನಗೆ ಭರವಸೆ.

ಕೊನೆಯದಾಗಿ ಒಂದು ಪ್ರಶ್ನೆ. ಹಿಂದಿನ ಸೀಟಿನ ಪಕ್ಕದಲ್ಲಿ ಸಣ್ಣ ಪ್ಲಾಸ್ಟಿಕ್ ಗ್ರಿಲ್ ಇದೆ. ಬ್ಯಾಟರಿ ಉಸಿರಾಡುವುದು ಅದರಿಂದ. ಅದರ ಮುಂದೆ ಏನು ಇಡುತ್ತೀರಿ?

ಕೋಲಾರದ ವೈರ್‌ಮನ್

ಯಾರಾದರೂ ಸ್ಪ್ಯಾನರ್ ಹಿಡಿದು ಹೊರಡುವ ಮುಂಚೆ ಇದನ್ನು ಓದಲಿ. ನಾನು ಇಪ್ಪತ್ತು ವರ್ಷದಿಂದ ಕರೆಂಟ್ ಕೆಲಸದಲ್ಲಿದ್ದೇನೆ. 200 ವೋಲ್ಟ್ ಡಿಸಿ ಹಿಡಿದರೆ ಬಿಡುವುದಿಲ್ಲ. ಕಿತ್ತಳೆ ಬಣ್ಣದ ಕೇಬಲ್ ಕಂಡರೆ ಕೈ ಹಿಂದಕ್ಕೆ. ಕಾರು ಆಫ್ ಮಾಡಿ ಕೀ ದೂರ ಇಡಬೇಕು. 12 ವೋಲ್ಟ್ ಬ್ಯಾಟರಿಯ ನೆಗೆಟಿವ್ ಬಿಚ್ಚಬೇಕು. 1000 ವೋಲ್ಟ್ ತಡೆಯುವ ರಬ್ಬರ್ ಗ್ಲೌಸ್ ಹಾಕಿ ಸರ್ವೀಸ್ ಪ್ಲಗ್ ಕೀಳಬೇಕು, ದೊಡ್ಡ ಬ್ಯಾಟರಿಯ ಕರೆಂಟ್ ಕಡಿಯುವುದು ಅದೇ. ಆಮೇಲೂ ಹತ್ತು ನಿಮಿಷ ಕಾಯಬೇಕು, ಮೋಟರಿಗೆ ಕರೆಂಟ್ ಹೊಂದಿಸಿ ಕೊಡುವ ಇನ್ವರ್ಟರಿನ ಕೆಪಾಸಿಟರ್‌ನಲ್ಲಿ ಕರೆಂಟ್ ಉಳಿದಿರುತ್ತದೆ. ಬ್ಯಾಟರಿ ಮುಚ್ಚಳ ಮನೆಯಲ್ಲಿ ತೆಗೆಯಲೇಬೇಡಿ. ದಯವಿಟ್ಟು.

ಇನ್ನು 12 ವೋಲ್ಟ್ ಬ್ಯಾಟರಿ. ಈ ಕಾರಿನಲ್ಲಿ ಅದು ಎಂಜಿನ್ ತಿರುಗಿಸುವುದಿಲ್ಲ, ಆ ಕೆಲಸ ದೊಡ್ಡ ಬ್ಯಾಟರಿಯದು. ಇದು ಕಂಪ್ಯೂಟರ್‌ಗಳನ್ನು ಎಬ್ಬಿಸಿ ರಿಲೇ ಕೂಡಿಸುತ್ತದೆ ಅಷ್ಟೇ. ಹಾಗಾಗಿ ವೀಕ್ ಆದರೂ ‘ಕಟಕಟ’ ಅಂತ ಮುನ್ಸೂಚನೆ ಕೊಡುವುದಿಲ್ಲ. ವೋಲ್ಟೇಜ್ ಕುಸಿದಾಗ ಸಂಬಂಧವೇ ಇಲ್ಲದ ಲೈಟ್‌ಗಳು ಹತ್ತುತ್ತವೆ, ಜನ ದೊಡ್ಡ ಬ್ಯಾಟರಿಯನ್ನು ಬೈಯುತ್ತಾರೆ. ಬೆಳಿಗ್ಗೆ ಕಾರು ಆನ್ ಮಾಡುವ ಮುಂಚೆ ಮೀಟರ್ ಇಟ್ಟು ನೋಡಿ. 12.6 ಇದ್ದರೆ ಚೆನ್ನಾಗಿದೆ. 12.2ಕ್ಕಿಂತ ಕೆಳಗೆ ಅಂದರೆ ಅರ್ಧ ಖಾಲಿ. ಬಾನೆಟ್ ಕೆಳಗೆ ಫ್ಯೂಸ್ ಬಾಕ್ಸಿನಲ್ಲೇ ಪಾಸಿಟಿವ್ ಟರ್ಮಿನಲ್ ಇದೆ, ಡಿಕ್ಕಿ ತೆಗೆಯಬೇಕಾಗಿಲ್ಲ.

ತೋಟದ ದಾರಿ, ತುಮಕೂರು

ನಂದಿ ತಪ್ಪಲು ಅವರೇ, ನಿಮ್ಮ ಪ್ರಶ್ನೆ ಓದಿ ಎದ್ದು ಹೋಗಿ ಕಾರು ನೋಡಿದೆ. ಆ ಗ್ರಿಲ್ ಯಾವುದಕ್ಕೆ ಅಂತ ಎಂಟು ವರ್ಷದಲ್ಲಿ ನನಗೆ ಗೊತ್ತೇ ಇರಲಿಲ್ಲ. ತೋಟದಿಂದ ಬರುವಾಗ ಹಿಂದಿನ ಸೀಟಿನ ಮೇಲೆ ಕೊಬ್ಬರಿ ಚೀಲ, ಸುಲಿದ ಕಾಯಿ ಇಟ್ಟುಕೊಂಡು ಬರುತ್ತೇನೆ. ಚೀಲ ಸರಿಯಾಗಿ ಆ ಗ್ರಿಲ್ಲಿಗೇ ಒರಗುತ್ತದೆ.

ಅಡಾಪ್ಟರ್ ಆರ್ಡರ್ ಮಾಡಿದ್ದೇನೆ. 12 ವೋಲ್ಟ್ ಬೆಳಿಗ್ಗೆ 12.1 ತೋರಿಸಿತು. ಟೈರ್ ಗಾಳಿ ಎರಡರಲ್ಲಿ ಕಡಿಮೆ ಇತ್ತು, ಹಾಕಿಸಿದೆ.

ಕ್ಯಾಮ್ರಿ ಮೇಡಂ, ಕೋಲಾರ

ನಮ್ಮದು 2014ರ ಕ್ಯಾಮ್ರಿ ಹೈಬ್ರಿಡ್, ಬಿಡದಿಯಲ್ಲಿ ಜೋಡಿಸಿದ್ದು. ನಮಗೂ ಮೈಲೇಜ್ ಇಳಿದಿತ್ತು, ಕಾರಣ ಬೇರೆಯೇ. ಹೈಬ್ರಿಡ್‌ನಲ್ಲಿ ಮುಕ್ಕಾಲು ಬ್ರೇಕ್ ಮೋಟರೇ ಹಿಡಿಯುತ್ತದೆ, ಪ್ಯಾಡ್‌ಗೆ ಕೆಲಸ ಕಡಿಮೆ. ಪ್ಯಾಡ್ ಸವೆಯದ ಕಾರಣ ಯಾರೂ ಚಕ್ರ ಬಿಚ್ಚುವುದಿಲ್ಲ. ಪ್ಯಾಡ್ ಒತ್ತುವ ಕ್ಯಾಲಿಪರಿನ ಪಿನ್‌ಗೆ ತುಕ್ಕು ಹಿಡಿದು ಪ್ಯಾಡ್ ಸದಾ ಉಜ್ಜಿಕೊಂಡೇ ಇತ್ತು. ನರಸಾಪುರದವರೆಗೆ ಓಡಿಸಿ ಬಂದು ಚಕ್ರಗಳ ಹತ್ತಿರ ಅಂಗೈ ಹಿಡಿದೆ, ಹಿಂದಿನ ಎಡಗಡೆಯದರಿಂದ ಮಾತ್ರ ಕಾವು ಹೊಡೆಯುತ್ತಿತ್ತು. ಪಿನ್ ಬಿಚ್ಚಿ ಗ್ರೀಸ್ ಹಾಕಿದ ಮೇಲೆ ಸರಿಯಾಯಿತು. ಇದನ್ನೂ ನೋಡಿ, ಖರ್ಚಿಲ್ಲ. ಡಿಸ್ಕ್ ಮುಟ್ಟಬೇಡಿ, ಸುಡುತ್ತದೆ.

ತೋಟದ ದಾರಿ, ತುಮಕೂರು

ಅಡಾಪ್ಟರ್ ಬಂತು. ಶನಿವಾರ ಬೆಳಿಗ್ಗೆ ಎಂಟಕ್ಕೆ ಹೊರಟು ನಾಮದ ಚಿಲುಮೆ ದಾಟಿ ದುರ್ಗ ಹತ್ತಿದೆವು. ತಮ್ಮ ಪಕ್ಕದಲ್ಲಿ ಕೂತು ಬರೆದುಕೊಂಡ.

ಹೊರಡುವಾಗ ಮೂರೂ ಕಡೆ 29, 30, 29 ಡಿಗ್ರಿ. ಏರು ಮುಗಿಯುವಾಗ 47, 53, 48. ಹೊರಗೆ ಬೆಳಗಿನ ತಂಪು ಇತ್ತು.

ಬ್ಲಾಕ್‌ಗಳು ಪೂರ್ತಿ ಲೋಡಿನಲ್ಲಿ: ಹೆಚ್ಚಿನವು 14.6ರ ಆಸುಪಾಸು. ಏಳನೆಯದು 13.9, ಎಂಟನೆಯದು 14.1. ಕೋಡ್ ಏನೂ ಇಲ್ಲ. ಚಕ್ರಗಳು ನಾಲ್ಕೂ ಸಮ ಬಿಸಿ, ಬ್ರೇಕ್ ಸರಿ ಇದೆ.

ನಂದಿ ತಪ್ಪಲು, ಚಿಕ್ಕಬಳ್ಳಾಪುರ

ತಮ್ಮನಿಗೆ ನನ್ನ ಶಹಬ್ಬಾಸ್ ಹೇಳಿ. ಇದು ರೋಗಿಯ ರಕ್ತಪರೀಕ್ಷೆ ಇದ್ದ ಹಾಗೆ, ಇನ್ನು ಮಾತಾಡಬಹುದು.

ಅಷ್ಟು ಸಣ್ಣ ಏರಿನಲ್ಲಿ, ತಂಪು ಹೊತ್ತಿನಲ್ಲಿ 53 ಅಂದರೆ ಗಾಳಿ ಹೋಗುತ್ತಿಲ್ಲ. ಏಳು ಮತ್ತು ಎಂಟು ಪ್ಯಾಕಿನ ಮಧ್ಯದವು. ಅಕ್ಕಪಕ್ಕ ಎರಡೂ ಕಡೆ ಬಿಸಿ ಇರುವುದರಿಂದ ಮಧ್ಯದವೇ ಮೊದಲು ಬೇಯುತ್ತವೆ, ಮೊದಲು ಮುದಿಯಾಗುತ್ತವೆ. 0.7 ವೋಲ್ಟಿನ ಅಂತರ ಒಳ್ಳೆಯದಲ್ಲ, ಆದರೆ ಸೆಲ್ ಸತ್ತಿಲ್ಲ. ಈಗ ಫ್ಯಾನ್ ಬಿಚ್ಚಿಸಿ. ತಿಳಿದವರ ಕೈಯಲ್ಲೇ, ವೈರ್‌ಮನ್ ಹೇಳಿದ ಕ್ರಮದಲ್ಲೇ.

ತೋಟದ ದಾರಿ, ತುಮಕೂರು

ನಿನ್ನೆ ಫ್ಯಾನ್ ಬಿಚ್ಚಿದೆವು. ಹೈಬ್ರಿಡ್ ತರಬೇತಿ ಪಡೆದ ಒಬ್ಬ ಟೆಕ್ನಿಷಿಯನ್ ಮನೆಗೇ ಬಂದರು. ಗ್ಲೌಸ್ ಹಾಕಿ ಸರ್ವೀಸ್ ಪ್ಲಗ್ ಕಿತ್ತು ಅದನ್ನು ತಮ್ಮ ಜೇಬಿಗೇ ಹಾಕಿಕೊಂಡರು, ಬೇರೆ ಯಾರೂ ವಾಪಸ್ ಸಿಕ್ಕಿಸಬಾರದು ಅಂತ. ಒಂದು ವಿಷಯ ಗೊತ್ತಿರಲಿ: ಡಿಕ್ಕಿ ತೆರೆಯುವುದು ಕರೆಂಟಿನಿಂದ. 12 ವೋಲ್ಟ್ ಬಿಚ್ಚಿದ ಮೇಲೆ ಡಿಕ್ಕಿ ಮುಚ್ಚಬೇಡಿ.

ಫ್ಯಾನ್ ಅಂದರೆ ನಾನು ಮೂರು ರೆಕ್ಕೆ ಅಂದುಕೊಂಡಿದ್ದೆ. ಅದು ಡಬ್ಬದ ಥರ, ಸುತ್ತ ಬಾಚಣಿಗೆ ಹಲ್ಲಿನಂತೆ ಸಣ್ಣ ಸಣ್ಣ ರೆಕ್ಕೆ. ಒಂದು ರೆಕ್ಕೆಯೂ ಕಾಣುತ್ತಿರಲಿಲ್ಲ. ತೆಂಗಿನ ನಾರು, ಧೂಳು, ಕೊಬ್ಬರಿಯ ಎಣ್ಣೆ ಪಸೆ ಎಲ್ಲಾ ಸೇರಿ ಕಂಬಳಿ ತುಂಡಿನ ಹಾಗೆ ಸುತ್ತಿಕೊಂಡಿತ್ತು. ಬೆರಳಿನಿಂದ ಎಳೆದರೆ ಪದರಪದರವಾಗಿ ಬಂತು. ಒಳಗಿನ ಪದರ ಕಪ್ಪು, ಮೇಲಿನದು ಇನ್ನೂ ಕಂದು. ವರ್ಷ ವರ್ಷದ ಕೊಬ್ಬರಿ ಅಲ್ಲಿ ಲೆಕ್ಕಕ್ಕೆ ಕೂತಿತ್ತು. ಹಿಂದಿನ ಪೈಪಿನಲ್ಲಿ ಮಗಳ ಒಂದು ಚಾಕೊಲೇಟ್ ಕಾಗದವೂ ಸಿಕ್ಕಿತು. ಎಲ್ಲಾ ಸೇರಿ ಎರಡು ಹಿಡಿ.

ಹಳೆ ಟೂತ್‌ಬ್ರಷ್, ಸೋಪಿನ ನೀರು. ಮೋಟರ್ ಬೇರೆ ಮಾಡಿ ರೆಕ್ಕೆಯ ಡಬ್ಬ ಮಾತ್ರ ತೊಳೆದೆವು. ಪಸೆ ಹೋಗಲು ಮುಕ್ಕಾಲು ಗಂಟೆ ಹಿಡಿಯಿತು. ಬಿಸಿಲಿನಲ್ಲಿ ಒಣಗಿಸಿ ಕೂರಿಸಿದೆವು. ಜೊತೆಗೆ ಹೊಸ 12 ವೋಲ್ಟ್ ಬ್ಯಾಟರಿ. ಡಿಕ್ಕಿಯೊಳಗೆ ಇರುವುದರಿಂದ ಅದರ ಗ್ಯಾಸ್ ಹೊರಗೆ ಹೋಗಲು ಸಣ್ಣ ಪೈಪ್ ಬೇಕು. ಮಾಮೂಲಿ ಬ್ಯಾಟರಿ ಹಾಕಬಾರದು, ಆಸಿಡ್ ಚೆಲ್ಲದ ಎಜಿಎಂ ಮಾದರಿಯದೇ ಹಾಕಬೇಕು ಅಂತ ಟೆಕ್ನಿಷಿಯನ್ ಹೇಳಿದರು.

ಶಿರಾ ರಸ್ತೆ

ಓದುತ್ತಾ ಮೈ ಜುಮ್ ಅಂದಿತು. ಒಂದು ಫ್ಯಾನ್ ತೊಳೆಯದೆ ಎಷ್ಟು ಜನ ಬ್ಯಾಟರಿ ಬದಲಿಸಿದ್ದಾರೋ. ಅದೂ ಹೊಸ ಬ್ಯಾಟರಿಯನ್ನು ಅದೇ ಮುಚ್ಚಿದ ಫ್ಯಾನಿನ ಕೆಳಗೆ ಕೂರಿಸಿದರೆ ಅದೂ ಬೇಯುತ್ತದೆ ಅಲ್ವಾ?

ನಂದಿ ತಪ್ಪಲು, ಚಿಕ್ಕಬಳ್ಳಾಪುರ

ಖಂಡಿತ. ನಾನು ಕಣ್ಣಾರೆ ಕಂಡಿದ್ದೇನೆ.

ತೋಟದ ದಾರಿ, ತುಮಕೂರು

ಅದೇ ಹೊತ್ತು, ಅದೇ ರಸ್ತೆ, ಅದೇ ತಮ್ಮ. ದುರ್ಗದ ಮೇಲೆ ಉಷ್ಣಾಂಶ 39, 42, 39. ಏಳನೇ ಬ್ಲಾಕಿನ ಅಂತರ 0.7ರಿಂದ 0.4ಕ್ಕೆ ಬಂದಿದೆ. ಕಾರು ಏರನ್ನು ಹಳೆಯ ಹಾಗೆ ಎಳೆಯಿತು, ಎಂಜಿನ್ ಕೂಗಲಿಲ್ಲ. ಎರಡು ಟ್ಯಾಂಕ್ ಮುಗಿಸಿ ಲೆಕ್ಕ ಹಾಕಿದೆ, ಲೀಟರಿಗೆ 16.9.

ಪಟ್ಟಿ ಈಗಲೂ ಹತ್ತಿ ಇಳಿಯುತ್ತದೆ, ಮೊದಲಿನಷ್ಟು ಬೇಗ ಅಲ್ಲ. ಇನ್ನೊಂದು ತೊಂದರೆ ಉಳಿದಿದೆ, ಮೊದಲೇ ಹೇಳಬೇಕಿತ್ತು. ಬೆಳಿಗ್ಗೆ ಮೊದಲ ಸಲ ಎಂಜಿನ್ ಸ್ಟಾರ್ಟ್ ಆದಾಗ ಆರೇಳು ಸೆಕೆಂಡ್ ಕಾರೆಲ್ಲ ಅಲುಗಾಡುತ್ತದೆ. ಆಮೇಲೆ ಏನೂ ಇಲ್ಲ.

ನಂದಿ ತಪ್ಪಲು, ಚಿಕ್ಕಬಳ್ಳಾಪುರ

ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಫ್ಯಾನಿಗಿಂತ ಇದು ನನಗೆ ಜಾಸ್ತಿ ಚಿಂತೆ.

ಈ ತಲೆಮಾರಿನ ಪ್ರಿಯಸ್‌ಗೆ ಇಜಿಆರ್ ಮಸಿಯ ಕಾಟ ಇದೆ. ಎಂಜಿನ್ನಿನ ಹೊಗೆಯಲ್ಲಿ ಸ್ವಲ್ಪವನ್ನು ತಣ್ಣಗೆ ಮಾಡಿ ಮತ್ತೆ ಒಳಗೆ ಬಿಡುತ್ತಾರೆ, ಸಿಲಿಂಡರಿನ ಬಿಸಿ ಇಳಿಯಲಿ ಅಂತ. ಆ ಹೊಗೆ ತಣ್ಣಗಾಗುವ ಕೂಲರಿನಲ್ಲಿ ಸಣ್ಣ ಸಣ್ಣ ಕಿಂಡಿ. ಅಲ್ಲಿ ಮಸಿ ಕಟ್ಟುತ್ತದೆ. ಮುಂದೆ ಸಿಲಿಂಡರುಗಳಿಗೆ ಗಾಳಿ ಹಂಚುವ ಇನ್‌ಟೇಕ್ ಮ್ಯಾನಿಫೋಲ್ಡಿನಲ್ಲಿ ನಾಲ್ಕು ಸಿಲಿಂಡರಿಗೂ ಒಂದೊಂದು ತೂತು ಇದೆ, ಅದೂ ಮುಚ್ಚುತ್ತದೆ. ಒಂದು ಸಿಲಿಂಡರಿಗೆ ಜಾಸ್ತಿ, ಒಂದಕ್ಕೆ ಇಲ್ಲವೇ ಇಲ್ಲ. ಸಿಗದ ಸಿಲಿಂಡರ್ ಬಿಸಿಯಾಗಿ ಓಡುತ್ತದೆ. ಹಾಗೇ ಬಿಟ್ಟರೆ ಹೆಡ್ ಗ್ಯಾಸ್ಕೆಟ್, ಅಂದರೆ ಎಂಜಿನ್ನಿನ ಮೇಲ್ಭಾಗ ಸೋರದ ಹಾಗೆ ನಡುವೆ ಇಡುವ ಪದರ, ಹೋಗುತ್ತದೆ. ಗ್ಯಾಸ್ಕೆಟ್ ಸೋರಿದರೆ ರಾತ್ರಿ ಹನಿ ಕೂಲಂಟ್ (ಎಂಜಿನ್ ತಣಿಸುವ ನೀರು) ಸಿಲಿಂಡರಿಗೆ ಇಳಿದು ಬೆಳಿಗ್ಗೆ ಇದೇ ಥರ ಅಲುಗಾಡುತ್ತದೆ.

ಹಾಗಾಗಿ ಮೊದಲು ಕೂಲಂಟ್ ನೋಡಿ. ಎಂಜಿನ್ ತಣ್ಣಗಿದ್ದಾಗ ರಿಸರ್ವಾಯರ್ ಮೇಲೆ ಮಾರ್ಕರಿನಿಂದ ಗೆರೆ ಎಳೆದು ಎರಡು ವಾರ ಬಿಡಿ. ಇನ್ವರ್ಟರಿಗೆ ಬೇರೆ ಟ್ಯಾಂಕ್ ಇದೆ, ಅದರಲ್ಲಿ ಅಲ್ಲ, ಎಂಜಿನ್ನಿನದರಲ್ಲಿ. ಇನ್ವರ್ಟರಿನದನ್ನು ಬೇರೆ ಕಾರಣಕ್ಕೆ ನೋಡಿ: ಕಾರು ರೆಡಿ ಆದಾಗ ಒಳಗೆ ನೀರು ಸುಳಿಯುತ್ತಿರಬೇಕು, ಸುಮ್ನೆ ನಿಂತಿದ್ದರೆ ಪಂಪ್ ಕೆಲಸ ಮಾಡುತ್ತಿಲ್ಲ. ಸ್ಪಾರ್ಕ್ ಪ್ಲಗ್ ಬಿಚ್ಚಿದಾಗ ಕ್ಯಾಮೆರಾ ಇಳಿಸಿ ಪಿಸ್ಟನ್ ನೋಡಲು ಹೇಳಿ. ಮೂರು ಕಪ್ಪಾಗಿದ್ದು ಒಂದು ಮಾತ್ರ ತೊಳೆದ ಹಾಗೆ ಹೊಳೆಯುತ್ತಿದ್ದರೆ ಕೂಲಂಟ್ ಅಲ್ಲಿಗೆ ಇಳಿಯುತ್ತಿದೆ.

ತೋಟದ ದಾರಿ, ತುಮಕೂರು

ಎರಡೂವರೆ ವಾರ ಆಯಿತು. ಗೆರೆ ಎಲ್ಲಿತ್ತೋ ಅಲ್ಲೇ ಇದೆ. ಪಿಸ್ಟನ್ ನಾಲ್ಕೂ ಒಂದೇ ಕಪ್ಪು. ಗ್ಯಾಸ್ಕೆಟ್ ಉಳಿದಿದೆ!

ಇಜಿಆರ್ ಕೂಲರ್ ಬಿಚ್ಚಿದಾಗ ಟೆಕ್ನಿಷಿಯನ್ ಅದನ್ನು ನೆಟ್ಟಗೆ ಹಿಡಿದು ಮೇಲಿಂದ ನೀರು ಹಾಕಿದರು. ನೀರು ಮೇಲೆಯೇ ನಿಂತಿತು, ಕೆಳಗೆ ಹನಿಹನಿಯಾಗಿ ಬಿತ್ತು. ಒಳಗೆಲ್ಲ ಸೌದೆ ಒಲೆಯ ಮಸಿ. ಕ್ಲೀನರಿನಲ್ಲಿ ರಾತ್ರಿಯಿಡೀ ನೆನೆಸಿ, ಮರುದಿನ ಮೂರು ಸಲ ತೊಳೆದ ಮೇಲೆ ನೀರು ಸರ್ರನೆ ಇಳಿಯಿತು. ಮ್ಯಾನಿಫೋಲ್ಡಿನ ನಾಲ್ಕು ತೂತಿನಲ್ಲಿ ಎರಡು ಪೂರ್ತಿ ಮುಚ್ಚಿದ್ದವು. ಥ್ರಾಟಲ್ ಬಾಡಿಯನ್ನೂ ಒರೆಸಿದರು, ಹೊಸ ಸ್ಪಾರ್ಕ್ ಪ್ಲಗ್ ಹಾಕಿದರು.

ಬೆಳಿಗ್ಗೆಯ ಅಲುಗಾಟ ನಿಂತಿದೆ. ಹೋದ ಟ್ಯಾಂಕ್ 17.8. ಶಿರಾ ರಸ್ತೆ ಅವರ ಲೆಕ್ಕಕ್ಕೆ ಸರಿಯಾಗಿ ಬಂದು ನಿಂತಿದೆ.

ಕ್ಯಾಮ್ರಿ ಮೇಡಂ, ಕೋಲಾರ

ತುಂಬಾ ಸಂತೋಷ. ನನ್ನದೊಂದು ಪ್ರಶ್ನೆ. ನಂದಿ ಬೆಟ್ಟ ಇಳಿಯುವಾಗ ಅರ್ಧ ದಾರಿಯಲ್ಲಿ ಇದ್ದಕ್ಕಿದ್ದಂತೆ ಎಂಜಿನ್ ಜೋರಾಗುತ್ತದೆ, ಆಕ್ಸಿಲರೇಟರ್ ಮುಟ್ಟದಿದ್ದರೂ. ಇದು ತೊಂದರೆಯಾ?

ನಂದಿ ತಪ್ಪಲು, ಚಿಕ್ಕಬಳ್ಳಾಪುರ

ತೊಂದರೆ ಅಲ್ಲ ಮೇಡಂ. ಇಳಿಜಾರಿನಲ್ಲಿ ಬ್ಯಾಟರಿ ತುಂಬಿತು, ಇನ್ನು ಕರೆಂಟ್ ಇಡಲು ಜಾಗ ಇಲ್ಲ. ಮಿಕ್ಕಿದ್ದನ್ನು ಕಾರು ಎಂಜಿನ್ ತಿರುಗಿಸುವುದಕ್ಕೆ ಖರ್ಚು ಮಾಡುತ್ತದೆ, ಪೆಟ್ರೋಲ್ ಸುಡದೆ. ಆದರೆ ಯಾವ ತಿರುವಿನಲ್ಲಿ ಶುರುವಾಗುತ್ತದೆ ಅಂತ ಗಮನ ಇಡಿ. ಬ್ಯಾಟರಿ ಹಳತಾದಷ್ಟೂ ಬೇಗ ತುಂಬುತ್ತದೆ. ವರ್ಷ ವರ್ಷ ಆ ಜಾಗ ಮೇಲಕ್ಕೆ ಸರಿಯುತ್ತಿದ್ದರೆ ಬ್ಯಾಟರಿ ಕುಗ್ಗುತ್ತಿದೆ ಅಂತ ಅರ್ಥ. ತೋಟದ ದಾರಿ ಅವರೂ ದುರ್ಗದಲ್ಲಿ ಇದನ್ನೇ ಮಾಡಬಹುದು. ಏಳನೇ ಬ್ಲಾಕ್ ಮುದಿಯಾಗಿದೆ, ಅದು ಮತ್ತೆ ಎಳೆಯದಾಗುವುದಿಲ್ಲ. ಆರು ತಿಂಗಳಿಗೊಮ್ಮೆ ಅಳೆಯಿರಿ. ಅಂತರ ಒಂದು ವೋಲ್ಟಿನ ಹತ್ತಿರ ಬಂದಾಗ ಬ್ಯಾಟರಿಯ ಮಾತು ಆಡೋಣ.

ತೋಟದ ದಾರಿ, ತುಮಕೂರು

ಆಗಲಿ. ಏಪ್ರಿಲ್ ಬಿಸಿಲಿನಲ್ಲಿ ಮಧ್ಯಾಹ್ನ ಎರಡಕ್ಕೆ ಅದೇ ಏರು ಹತ್ತಿ ಇಲ್ಲೇ ಬರೆಯುತ್ತೇನೆ. ಅಪ್ಪ ಈಗ ಮಾರುವ ಮಾತು ಎತ್ತುತ್ತಿಲ್ಲ. ಗ್ರಿಲ್ಲಿಗೆ ಸೊಳ್ಳೆ ಪರದೆಯ ಜಾಲರಿ ಕತ್ತರಿಸಿ ಅಂಟಿಸಿದ್ದೇನೆ. ಅದು ಗಾಳಿ ತಡೆಯುತ್ತದಾ, ತೆಗೆಯಲಾ?

ನಂದಿ ತಪ್ಪಲು, ಚಿಕ್ಕಬಳ್ಳಾಪುರ

ಪರದೆ ಸಣ್ಣ ಕಣ್ಣಿನದಾದರೆ ತೆಗೆಯಿರಿ, ಒಂದೇ ತಿಂಗಳಲ್ಲಿ ಮುಚ್ಚಿಕೊಳ್ಳುತ್ತದೆ. ಅಗಲ ಕಣ್ಣಿನದಾದರೆ ಇರಲಿ, ಹದಿನೈದು ದಿನಕ್ಕೊಮ್ಮೆ ಒರೆಸಿ. ಕೊಬ್ಬರಿ ಚೀಲವನ್ನು ಮಾತ್ರ ಇನ್ನು ಮುಂದೆ ಡಿಕ್ಕಿಯಲ್ಲಿ ಇಡಿ.